ಚದುರಿದ ವಸತಿ, ದೂರದ ಪಂಚಾಯ್ತಿ: ಗದಗ ಸೀಮೆಯ ತಾಂಡಾ, ಮಜರೆ, ದಡ್ಡಿಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಲ್ಲಿ ಜನರಿಗೆ ಅರ್ಜಿ ಬರೆದುಕೊಡಲು ಶುರುಮಾಡಿ ಹದಿನೈದು ವರ್ಷದ ಮೇಲಾಯಿತು. ನಡುನಡುವೆ ಕಲಘಟಗಿ ಕಡೆಯ ದಡ್ಡಿಗಳಿಂದಲೂ, ಅಂದರೆ ದನ-ಎಮ್ಮೆ ಸಾಕುವ ಗೌಳಿಗರ ವಸತಿಗಳಿಂದಲೂ, ಕರೆ ಬರುತ್ತದೆ. ಎಲ್ಲಿ ಹೋಗಿ ಕಟ್ಟೆಯ ಮೇಲೆ ಕೂತರೂ ಹೆಚ್ಚುಕಡಿಮೆ ಅವೇ ಪ್ರಶ್ನೆ. ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಟ್ಟರೆ ಶಾಲೆ ಕಲಿತ ಹುಡುಗರು ಓದಿ ಮನೆಯವರಿಗೆ ಹೇಳಲಿ ಎಂದು ಇದನ್ನು ಬರೆದಿದ್ದೇನೆ.

ಗದಗ ಜಿಲ್ಲೆಯಲ್ಲಿ ನಿಜವಾಗಿಯೂ ಜನ ವಿರಳವೇ? ಬಸ್‌ಸ್ಟ್ಯಾಂಡಿಗೆ ಹೋದರೆ ಹಾಗೆ ಅನ್ನಿಸುವುದಿಲ್ಲವಲ್ಲ?

2011ರ ಜನಗಣತಿಯಲ್ಲಿ ಗದಗ ಜಿಲ್ಲೆಯ ಜನಸಂಖ್ಯೆ 10,64,570. ಚದರ ಕಿಲೋಮೀಟರಿಗೆ 229 ಜನ. ಅದೇ ಹೊತ್ತಿಗೆ ಇಡೀ ರಾಜ್ಯದ ಸರಾಸರಿ 319, ಹಾವೇರಿಯದು 331, ಧಾರವಾಡದ್ದು 434. 1997ರ ಆಗಸ್ಟ್‌ವರೆಗೆ ಈ ಮೂರೂ ಒಂದೇ ಧಾರವಾಡ ಜಿಲ್ಲೆಯಾಗಿದ್ದವು. ಒಂದೇ ಮನೆಯಿಂದ ಪಾಲಾಗಿ ಹೋದ ಅಣ್ಣತಮ್ಮಂದಿರಲ್ಲಿ ಗದಗಿನ ಪಾಲಿಗೆ ಹೊಲ ಹೆಚ್ಚು, ಜನ ಕಡಿಮೆ ಬಂದ ಹಾಗೆ. 2001ರಿಂದ 2011ರವರೆಗೆ ಇಲ್ಲಿ ಜನಸಂಖ್ಯೆ ಬೆಳೆದದ್ದು ಶೇ 9.5ರಷ್ಟು ಮಾತ್ರ; ರಾಜ್ಯದಲ್ಲಿ ಶೇ 15.6.

ಆದರೆ 229 ಎಂಬುದು ಸರಾಸರಿ. ಗದಗ-ಬೆಟಗೇರಿ ನಗರಸಭೆ ಒಂದರಲ್ಲೇ 1.72 ಲಕ್ಷ ಜನರಿದ್ದರು. ಜಿಲ್ಲೆಯ ಮೂರನೇ ಒಂದಕ್ಕಿಂತ ತುಸು ಹೆಚ್ಚು ಜನ ಪಟ್ಟಣಗಳಲ್ಲಿದ್ದಾರೆ. ಅವರನ್ನು ಬದಿಗಿಟ್ಟು ಕಪ್ಪತಗುಡ್ಡದ ಸುತ್ತಿನ ಮಸಾರಿ (ಕೆಂಪು ಮಣ್ಣಿನ) ಸೀಮೆಗೆ ಬನ್ನಿ. ಒಂದು ತಾಂಡಾದಿಂದ ಇನ್ನೊಂದಕ್ಕೆ ಗುಡ್ಡ, ಹಳ್ಳ, ಗಾಳಿಯಂತ್ರಗಳ ಸಾಲು ದಾಟಿ ನಡೆಯಬೇಕು. ಧಾರವಾಡ ಜಿಲ್ಲೆಯ ಸರಾಸರಿಯೂ ಹಾಗೆಯೇ ಕಣ್ಣು ಕಟ್ಟುತ್ತದೆ: 18.47 ಲಕ್ಷ ಜನರಲ್ಲಿ 9.43 ಲಕ್ಷ ಜನ ಹುಬ್ಬಳ್ಳಿ-ಧಾರವಾಡ ಪಾಲಿಕೆಯೊಳಗೇ ಇದ್ದರು. ಅಳ್ನಾವರ, ಕಲಘಟಗಿಯ ಕಾಡಂಚಿನ ದಡ್ಡಿಯಲ್ಲಿರುವ ಎಂಟು ಮನೆಯವರಿಗೆ 434 ಎಂಬ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ತಲಾಠಿ (ಗ್ರಾಮ ಲೆಕ್ಕಿಗ) ಕಡತದಲ್ಲಿ 'ಬೇಚರಾಕ್' ಎಂದು ಬರೆದಿರುತ್ತದೆ. ಹಾಗೆಂದರೇನು?

ಜನವಸತಿ ಇಲ್ಲದ ಕಂದಾಯ ಗ್ರಾಮ. ಪಾರ್ಸಿಯ 'ಬೇ ಚಿರಾಗ್' ನಮ್ಮ ಬಾಯಲ್ಲಿ ಬೇಚರಾಕ್ ಆಗಿದೆ. ಚಿರಾಗ್ ಅಂದರೆ ದೀಪ. ಸಂಜೆಯಾದರೆ ದೀಪ ಹಚ್ಚುವವರಿಲ್ಲದ ಊರು. ಪ್ಲೇಗು, ಬರ, ನೀರಿನ ಕೊರತೆ ಹೀಗೆ ಒಂದೊಂದು ಊರಿನವರು ಒಂದೊಂದು ಕಾರಣಕ್ಕೆ ಎದ್ದು ಹೋದರು. ಸರ್ವೆ ನಂಬರು, ಗಡಿ, ನಕಾಶೆ ಮಾತ್ರ ಉಳಿದವು. ಹೊಲದ ನಡುವೆ ಹಾಳು ಹನುಮಪ್ಪನ ಗುಡಿ ಕಂಡರೆ ಸುತ್ತ ಒಂದು ಕಾಲಕ್ಕೆ ಊರಿತ್ತು ಎಂದು ತಿಳಿಯಬಹುದು.

ನಮ್ಮ ಭಾಗದ ತಾಂಡಾಗಳಲ್ಲಿ ಇದರ ತಿರುವುಮುರುವು ಕಾಣುತ್ತದೆ. ನೂರು ಮನೆಯಲ್ಲಿ ದೀಪ ಉರಿಯುತ್ತದೆ, ಕಂದಾಯ ದಾಖಲೆಯಲ್ಲಿ ಊರೇ ಇರುವುದಿಲ್ಲ. ಜನರಿಲ್ಲದ ಊರಿಗೆ ಹೆಸರು, ನಕಾಶೆ ಎರಡೂ ಇದ್ದು, ಮಕ್ಕಳು ಆಡುವ ಊರಿಗೆ ಅವೆರಡೂ ಇಲ್ಲದ್ದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಊರು, ಮಜರೆ, ತಾಂಡಾ, ದಡ್ಡಿ: ಕಾನೂನಿನ ಕಣ್ಣಿಗೆ ಇವು ಬೇರೆಬೇರೆಯೇ?

ಕಂದಾಯ ಇಲಾಖೆಗೆ 'ಗ್ರಾಮ' ಎಂದರೆ ಅಧಿಸೂಚನೆಯಾಗಿ ಗಡಿ ಗುರುತಾದ ಊರು. ಮಜರೆ ಎಂದರೆ ಆ ಗಡಿಯೊಳಗೆ ಮೂಲ ಊರಿನಿಂದ ದೂರ ಇರುವ ಪುಟ್ಟ ವಸತಿ. ಲಂಬಾಣಿಗರ ವಸತಿ ತಾಂಡಾ, ದನ-ಎಮ್ಮೆ ಕಟ್ಟಿಕೊಂಡು ಕಾಡಂಚಿನಲ್ಲಿರುವ ಗೌಳಿಗರ ವಸತಿ ದಡ್ಡಿ. ಹೆಸರು ಏನೇ ಇರಲಿ, ಪಂಚಾಯತ್ ರಾಜ್ ಕಾಯ್ದೆಯ ಲೆಕ್ಕದಲ್ಲಿ ಇವೆಲ್ಲ 'ಜನವಸತಿ'. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ತಾಂಡಾಕ್ಕೇ ಒಂದು ಗ್ರಾಮ ಪಂಚಾಯ್ತಿ ಸಿಗುತ್ತದೆಯೇ?

ಬಹುಮಟ್ಟಿಗೆ ಇಲ್ಲ. ಕರ್ನಾಟಕದ 1993ರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 5,000ದಿಂದ 7,000 ಜನರಿಗೆ ಒಂದು ಪಂಚಾಯ್ತಿ. ಮಲೆನಾಡಿನ ಭಾಗಗಳಿಗೆ 2,500ಕ್ಕೆ ಇಳಿಸುವ ಅವಕಾಶವಿದೆ. ಕಾಡು, ಕಣಿವೆಯಿಂದ ಜನ ಚದುರಿರುತ್ತಾರೆ ಎಂಬುದನ್ನು ಕಾನೂನು ಅಷ್ಟರಮಟ್ಟಿಗೆ ಒಪ್ಪಿಕೊಂಡಿದೆ. ಬಯಲುಸೀಮೆಯಲ್ಲೂ ಚದುರಿದ ಜನರಿದ್ದಾರೆ ಎಂಬುದನ್ನು ಅದೇ ಮನಸ್ಸಿನಿಂದ ನೋಡಬೇಕು ಎನ್ನುವುದು ನನ್ನ ಬೇಡಿಕೆ. ಮುಂಡರಗಿಯ ಮಸಾರಿ ಗುಡ್ಡದಲ್ಲಿ ನಡೆಯುವವಳ ಕಾಲು ಮಲೆನಾಡಿನವಳ ಕಾಲಿನಷ್ಟೇ ನೋಯುತ್ತದೆ.

ಹಿರಿಯರು ಈಗಲೂ 'ಮಂಡಲ ಪಂಚಾಯ್ತಿ' ಅನ್ನುತ್ತಾರೆ. ಅದು 1983ರ ಕಾಯ್ದೆಯಿಂದ ಬಂದು 1987ರಲ್ಲಿ ಚುನಾವಣೆ ಕಂಡ ವ್ಯವಸ್ಥೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅದನ್ನು ತಂದರು. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಎಂದೇ ಕರೆದರು. ಮಂಡಲ ಇನ್ನೂ ದೊಡ್ಡದು, ಅಲ್ಲಿಂದ ಇಲ್ಲಿಗೆ ಪಂಚಾಯ್ತಿ ಹತ್ತಿರ ಬಂದಿದೆ. ಇನ್ನೂ ಹತ್ತಿರ ಬರಬೇಕು.

ತಾಂಡಾದಲ್ಲಿ ನಾಯಕರು, ಕಾರಭಾರಿ ಇದ್ದಾರಲ್ಲ, ಅವರ ಮಾತು ನಡೆಯುವುದಿಲ್ಲವೇ?

ನಾಯಕ, ಡಾವ, ಕಾರಭಾರಿ ಈ ಮೂವರ ಮುಂದೆ ಹಟ್ಟಿಯ ನ್ಯಾಯ ತೀರುವುದು ಹಳೆಯ ಪದ್ಧತಿ. ಮದುವೆ, ಮನಸ್ತಾಪ, ಹಬ್ಬದ ಲೆಕ್ಕ ಈಗಲೂ ಅಲ್ಲೇ ಬಗೆಹರಿಯುವುದಿದೆ. ಆದರೆ ಅನುದಾನ, ಬೀದಿದೀಪ, ನೀರಿನ ಪೈಪು, ಮನೆ ಪಟ್ಟಿ ಇವುಗಳ ಠರಾವು ಪಂಚಾಯ್ತಿಯದೇ. ನಾಯಕರು ಹೇಳಿದರೆಂದು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹಣ ಬಿಡುಗಡೆ ಮಾಡಲಾರರು. ನಾಯಕರ ಮಾತಿಗೆ ಹಟ್ಟಿಯಲ್ಲಿ ತೂಕವಿರುವುದರಿಂದ, ಅವರೇ ಮುಂದೆ ನಿಂತು ಜನರನ್ನು ಸಭೆಗೆ ಕರೆತಂದರೆ ಕೆಲಸ ಬೇಗ ಆಗುತ್ತದೆ. ನಾನು ಕಂಡಂತೆ ಒಳ್ಳೆಯ ಬದಲಾವಣೆಯಾದ ತಾಂಡಾಗಳಲ್ಲೆಲ್ಲ ಇದೇ ಆಗಿದೆ.

ನಮ್ಮ ವಸತಿಯಿಂದ ಮೆಂಬರೇ ಇಲ್ಲ. ಯಾಕೆ ಹೀಗೆ?

400 ಜನಕ್ಕೆ ಒಬ್ಬ ಸದಸ್ಯ ಎಂಬುದು ಲೆಕ್ಕ. 6,000 ಜನರ ಪಂಚಾಯ್ತಿಗೆ 15 ಸದಸ್ಯರು. ನಿಮ್ಮಲ್ಲಿ 150 ಜನರಿದ್ದರೆ ನಿಮ್ಮನ್ನು ಪಕ್ಕದ ದೊಡ್ಡ ಊರಿನ ವಾರ್ಡಿಗೆ ಸೇರಿಸುತ್ತಾರೆ. ಒಂದು ವಾರ್ಡಿನಿಂದ ಇಬ್ಬರು ಮೂವರು ಆರಿಸಿ ಬರುವುದೂ ಉಂಟು. ಎರಡು ಸ್ಥಾನವಿದ್ದರೆ ನಿಮಗೆ ಎರಡು ಮತ, ಮೂರಿದ್ದರೆ ಮೂರು. ಎಷ್ಟೋ ಹೆಣ್ಣುಮಕ್ಕಳು ಒಂದಕ್ಕೆ ಮುದ್ರೆ ಒತ್ತಿ ಬಂದುಬಿಡುತ್ತಾರೆ. ನಮ್ಮ ಕಡೆ ಗ್ರಾಮ ಪಂಚಾಯ್ತಿಗೆ ಮತಪತ್ರದಲ್ಲೇ ಮತ ಹಾಕುವುದು, ಪಕ್ಷದ ಚಿಹ್ನೆ ಇರುವುದಿಲ್ಲ. ಹಾಗಾಗಿ ಚಿಕ್ಕ ವಸತಿಯ ಒಗ್ಗಟ್ಟಿಗೆ ಇಲ್ಲಿ ಬೆಲೆ ಇದೆ. ನಿಮ್ಮ ಎಂಬತ್ತು ಮತ ಒಂದೇ ಕಡೆ ಬಿದ್ದರೆ ದೊಡ್ಡ ಊರಿನ ಅಭ್ಯರ್ಥಿಯೂ ನಿಮ್ಮ ಕಟ್ಟೆಗೆ ಬರಲೇಬೇಕಾಗುತ್ತದೆ.

ಪರಿಶಿಷ್ಟ ಜಾತಿ, ಪಂಗಡಕ್ಕೆ ಜನಸಂಖ್ಯೆಗೆ ತಕ್ಕಂತೆ ಸ್ಥಾನ ಮೀಸಲು, ಒಟ್ಟು ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಲ್ಲಿದ್ದಾರೆ. ಆದ್ದರಿಂದ ತಾಂಡಾದ ಹೆಣ್ಣುಮಗಳೊಬ್ಬಳು ಚೇರ್ಮನ್ ಆಗುವುದು ಈಗ ಅಪರೂಪದ ಸುದ್ದಿಯಲ್ಲ. ಕಾಗದದಲ್ಲಿ 'ಅಧ್ಯಕ್ಷರು', ನಮ್ಮ ಬಾಯಲ್ಲಿ 'ಚೇರ್ಮನ್'. 2020ರ ಡಿಸೆಂಬರಿನಲ್ಲಿ ಆಯ್ಕೆಯಾದ ಪಂಚಾಯ್ತಿಗಳಲ್ಲಿ ಆ ಕುರ್ಚಿಯ ಅವಧಿ 30 ತಿಂಗಳು ಇತ್ತು.

ಜನವಸತಿ ಸಭೆ ಎಂದರೇನು? ನಾವು ಗ್ರಾಮಸಭೆ ಮಾತ್ರ ಕೇಳಿದ್ದೇವೆ.

ಈ ಬರಹದಲ್ಲಿ ಬೇರೆ ಏನೂ ಓದದಿದ್ದರೂ ಇದೊಂದನ್ನು ಓದಿ.

2014ರಲ್ಲಿ ರಮೇಶ್ ಕುಮಾರ್ ಸಮಿತಿ ಪಂಚಾಯತ್ ರಾಜ್ ಕಾಯ್ದೆಗೆ ಮಾಡಬೇಕಾದ ಬದಲಾವಣೆಗಳನ್ನು ಹೇಳಿತು. 2015ರಲ್ಲಿ ತಿದ್ದುಪಡಿಯಾಗಿ ಕಾಯ್ದೆಯ ಹೆಸರಿಗೇ 'ಗ್ರಾಮ ಸ್ವರಾಜ್' ಸೇರಿತು. ಆಗ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದವರು ನಮ್ಮ ಗದಗಿನವರೇ ಆದ ಎಚ್.ಕೆ. ಪಾಟೀಲರು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಗದಗಿನ ನಾಗಾವಿ ಗುಡ್ಡದ ಬಳಿ ಬಂದದ್ದೂ ಆ ಕಾಲದಲ್ಲಿ. ಆ ತಿದ್ದುಪಡಿಯ ಆಶಯ ಸರಳ: ಮಾತು ಕೆಳಗಿನಿಂದ ಮೇಲೆ ಹೋಗಬೇಕು. ಮೊದಲು ಪ್ರತಿ ಜನವಸತಿಯಲ್ಲಿ ಸಭೆ. ಅಲ್ಲಿಯ ಬೇಡಿಕೆ ವಾರ್ಡ್ ಸಭೆಗೆ. ವಾರ್ಡ್ ಸಭೆಯ ಪಟ್ಟಿ ಗ್ರಾಮಸಭೆಗೆ. ಗ್ರಾಮಸಭೆ ಒಪ್ಪಿದ್ದು ಪಂಚಾಯ್ತಿಯ ಯೋಜನೆಗೆ.

ಗ್ರಾಮಸಭೆ ಪಂಚಾಯ್ತಿ ಕೇಂದ್ರದ ಊರಲ್ಲಿ ನಡೆಯುತ್ತದೆ. ಅಲ್ಲಿಗೆ ಆರು ಕಿಲೋಮೀಟರು ನಡೆದು ಹೋಗುವವರು ಯಾರು? ಕೂಲಿ ಬಿಟ್ಟು ಹೋಗುವವರು ಯಾರು? ಹೋದವರಿಗೂ ಊರಿನ ದೊಡ್ಡವರ ಮುಂದೆ ಬಾಯಿ ಬಿಡಲು ಧೈರ್ಯ ಬೇಕು. "ನಾವ್ ನಾಕ್ ಮಂದಿ ಹಿಂದ್ ಕುಂತ್ ಬಂದ್ವಿ, ಕೈ ಎತ್ತಲಿಲ್ರೀ" ಎಂದು ಎಷ್ಟು ಸಲ ಕೇಳಿದ್ದೇನೋ. ಜನವಸತಿ ಸಭೆ ನಿಮ್ಮ ಬೇವಿನ ಗಿಡದ ಕೆಳಗೇ ನಡೆಯಬೇಕು. ಅಲ್ಲಿ ಅಕ್ಕಂದಿರು, ತಾಯಂದಿರು ಕೂತು ಮಾತಾಡುತ್ತಾರೆ.

ಆದರೆ ಅದು ಕಾಗದದಲ್ಲೇ ಮುಗಿದುಹೋಗುವುದೂ ಉಂಟು. ಒಂದು ವರ್ಷ ನಾನಿದ್ದ ತಾಂಡಾದಲ್ಲಿ 'ಸಭೆ ನಡೆಯಿತು' ಎಂದು ನಡಾವಳಿ ಪುಸ್ತಕದಲ್ಲಿ ಬರೆದಿತ್ತು. ಆ ದಿನ ತಾಂಡಾದಲ್ಲಿ ಇದ್ದವರು ಇಬ್ಬರು ಮುದುಕಿಯರು, ಒಂದಿಷ್ಟು ಆಡು. ಉಳಿದವರೆಲ್ಲ ಶೇಂಗಾ ಕೀಳಲು ಹೋಗಿದ್ದರು. ನಡಾವಳಿಯ ಪ್ರತಿ ಕೇಳಿ ಅರ್ಜಿ ಕೊಟ್ಟೆವು, ಸಹಿಗಳನ್ನು ಒಂದೊಂದಾಗಿ ಕೇಳಿದೆವು. ಮುಂದಿನ ಸಭೆ ಸಂಜೆ ಏಳಕ್ಕೆ, ಜನ ಹೊಲದಿಂದ ಬಂದ ಮೇಲೆ, ತಾಂಡಾದ ಕಟ್ಟೆಯಲ್ಲೇ ಆಯಿತು.

ಗ್ರಾಮಸಭೆಗೆ ಎಷ್ಟು ಜನ ಇರಲೇಬೇಕು?

ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ವಾರ್ಡ್ ಸಭೆಗೆ ಹತ್ತನೇ ಒಂದು ಅಥವಾ 20 ಜನ. ಆರು ತಿಂಗಳಿಗೆ ಒಮ್ಮೆಯಾದರೂ ಎರಡೂ ನಡೆಯಬೇಕು, ಬಂದವರಲ್ಲಿ ಶೇ 30ರಷ್ಟು ಮಹಿಳೆಯರು ಇರಬೇಕು ಎಂಬುದು ನಿಯಮ. ಎಣಿಸಿ ನೋಡಿ: 20 ಜನರ ಕೋರಂ ಅಂದರೆ ನಿಮ್ಮ ದಡ್ಡಿಯ ಎಂಟು ಮನೆಯವರು ಎದ್ದು ಹೋದರೂ ಸಾಕು, ಸಭೆಯಲ್ಲಿ ನೀವೇ ಬಹುಮತ.

ಚೇರ್ಮನ್, ಪಿಡಿಒ, ತಲಾಠಿ, ನಾಡ ಕಚೇರಿ: ಯಾವ ಕೆಲಸಕ್ಕೆ ಯಾರ ಹತ್ತಿರ ಹೋಗಬೇಕು?

ನೀರು, ಬೀದಿದೀಪ, ಗಟಾರ, ಮನೆ ಪಟ್ಟಿ, ಮನೆಯ ಉತಾರ ಪಂಚಾಯ್ತಿಯವು. ಹೊಲದ ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪಿಂಚಣಿ ಕಂದಾಯ ಇಲಾಖೆಯವು. ಅವಕ್ಕೆ ನಾಡ ಕಚೇರಿ. ನಾವು ತಲಾಠಿ ಅನ್ನುವವರ ಈಗಿನ ಹೆಸರು ಗ್ರಾಮ ಆಡಳಿತ ಅಧಿಕಾರಿ. ವಾಟರ್‌ಮನ್, ಬಿಲ್ ಕಲೆಕ್ಟರ್ ಇಬ್ಬರೂ ಪಂಚಾಯ್ತಿ ಸಿಬ್ಬಂದಿ. ತಾಂಡಾಕ್ಕೆ ದಿನಾ ಬರುವ ಸರ್ಕಾರವೆಂದರೆ ಬಹಳ ಕಡೆ ಆ ವಾಟರ್‌ಮನ್ ಒಬ್ಬನೇ. ಅವನ ಸಂಬಳ ತಡವಾದರೆ ಅದನ್ನೂ ಗ್ರಾಮಸಭೆಯಲ್ಲಿ ಕೇಳಿರಿ.

ಜನಗಣತಿ ಹೊತ್ತಿಗೆ ನಾವು ಗುಳೆ ಹೋಗಿರುತ್ತೇವೆ. ನಮ್ಮನ್ನು ಎಲ್ಲಿ ಎಣಿಸುತ್ತಾರೆ?

2011ರ ನಂತರ ಜನಗಣತಿ ಆಗಿರಲಿಲ್ಲ. ಈಗ 2027ರ ಜನಗಣತಿಗೆ ಆದೇಶವಾಗಿದೆ. ಮೊದಲು 2026ರಲ್ಲಿ ಮನೆಪಟ್ಟಿ, ಆಮೇಲೆ 2027ರ ಫೆಬ್ರುವರಿಯಲ್ಲಿ ಜನರ ಎಣಿಕೆ. ಲೆಕ್ಕದ ಗಳಿಗೆ 2027ರ ಮಾರ್ಚ್ 1ರ ನಡುರಾತ್ರಿ. ಈ ಸಲ ಜಾತಿಯನ್ನೂ ಬರೆದುಕೊಳ್ಳುತ್ತಾರೆ, ಮೊಬೈಲಿನಲ್ಲಿ ತಾವೇ ವಿವರ ತುಂಬುವ ಅವಕಾಶವೂ ಇದೆ.

ಫೆಬ್ರುವರಿ ನಮ್ಮ ಕಡೆ ಯಾವ ಕಾಲ? ಕಡಲೆ, ಬಿಳಿಜೋಳದ ಸುಗ್ಗಿ ಮುಗಿಯುವ ಕಾಲ. ಹೊಲದಲ್ಲಿ ಕೆಲಸವಿಲ್ಲ. ಮಸಾರಿ ಸೀಮೆಯವರಿಗಂತೂ ಅದಕ್ಕೂ ಮುಂಚೆಯೇ ಕೆಲಸ ಮುಗಿದಿರುತ್ತದೆ. ಗೋವಾ, ಮಂಗಳೂರು, ಚಿಕ್ಕಮಗಳೂರಿನ ಕಾಫಿ ತೋಟ, ಕಬ್ಬಿನ ಗದ್ದೆ ಎಂದು ತಾಂಡಾಗಳು ಖಾಲಿಯಾಗಿರುತ್ತವೆ. ಮಿರಗ ಮಳೆ ಹತ್ತಿರ ಬಂದಾಗಲೇ ಬೀಗ ತೆಗೆಯುವುದು. ಮನೆಯಲ್ಲಿ ಮುದುಕರು, ಶಾಲೆಗೆ ಹೋಗುವ ಒಂದೆರಡು ಮಕ್ಕಳು ಉಳಿದಿದ್ದರೆ ಉಂಟು.

ಗಣತಿಯ ನಿಯಮ ಹೀಗಿದೆ: ಎಣಿಕೆಯ ಅವಧಿಯುದ್ದಕ್ಕೂ ನೀವು ಮನೆಯಲ್ಲಿ ಇರಲೇ ಇಲ್ಲವೆಂದರೆ ಇರುವಲ್ಲೇ ಎಣಿಸುತ್ತಾರೆ. ಅಂದರೆ ನೀವು ಗೋವಾದ ಜನಸಂಖ್ಯೆಗೆ ಸೇರುತ್ತೀರಿ. ಅಲ್ಲಿ ಕಟ್ಟಡದ ಶೆಡ್ಡಿನಲ್ಲಿ ಎಣಿಸುವವರು ತಪ್ಪಿಸಿದರೆ ಎಲ್ಲೂ ಸೇರುವುದಿಲ್ಲ. ಆದರೆ ಆ ಅವಧಿಯಲ್ಲಿ ಒಂದಷ್ಟು ದಿನವಾದರೂ ನಿಮ್ಮ ಮನೆಯಲ್ಲಿ ಇದ್ದರೆ ನಿಮ್ಮನ್ನು ಮನೆಯಲ್ಲೇ ಬರೆದುಕೊಳ್ಳಬೇಕು. 2011ರಲ್ಲಿ ಆ ಅವಧಿ ಫೆಬ್ರುವರಿ 9ರಿಂದ 28ರವರೆಗೆ ಇತ್ತು.

ಸಂತ ಸೇವಾಲಾಲರ ಜಯಂತಿ ಫೆಬ್ರುವರಿ 15. ಎಷ್ಟೋ ಕುಟುಂಬಗಳು ಗುಳೆ ಹೋದಲ್ಲಿಂದ ಆ ದಿನಕ್ಕೆ ಎರಡು ದಿನದ ಮಟ್ಟಿಗೆ ಬಂದು ಹೋಗುತ್ತವೆ, ಇಲ್ಲದಿದ್ದರೆ ಮುಂದೆ ಹೋಳಿಗೆ ಬರುತ್ತವೆ. ಹೋಳಿಗೆ ಬಂದರೆ ಎಣಿಕೆ ಮುಗಿದಿರುತ್ತದೆ. ಹಾಗಾಗಿ ಈ ಸಲ ಎಲ್ಲ ತಾಂಡಾಗಳ ನಾಯಕರಿಗೂ ನನ್ನ ಕೈಮುಗಿದ ವಿನಂತಿ: ಎಣಿಕೆಯ ದಿನಾಂಕಗಳನ್ನು ಮೊದಲೇ ತಿಳಿದುಕೊಂಡು, ಜಯಂತಿಗೆ ಊರಿಗೆ ಬನ್ನಿರೆಂದು ಫೋನ್ ಮಾಡಿಸಿ. ಎಣಿಸಲು ಬರುವ ಮೇಷ್ಟ್ರಿಗೂ ಆ ದಿನವೇ ತಾಂಡಾಕ್ಕೆ ಬರುವಂತೆ ಹೇಳಿ. ಬೀಗ ಹಾಕಿದ ಮನೆಯ ಮುಂದೆ ಅವರು ಮೂರು ಸಲ ನಿಲ್ಲುವುದಕ್ಕಿಂತ ಮನೆ ತುಂಬ ಜನವಿದ್ದಾಗ ಒಂದು ಸಲ ಬರುವುದು ಅವರಿಗೂ ಹಗುರ.

ಎಣಿಸಿದರೆ ಏನು, ಬಿಟ್ಟರೆ ಏನು? ನಮ್ಮ ಹೊಟ್ಟೆಗೆ ಏನು ಬರುತ್ತದೆ?

ಬಹಳ ಬರುತ್ತದೆ. ಸರ್ಕಾರದ ಅಳತೆಗೋಲುಗಳಲ್ಲಿ ಹೆಚ್ಚಿನವು ತಲೆಯ ಲೆಕ್ಕದವು. ಹಳ್ಳಿಯಲ್ಲಿ 400ರಿಂದ 800 ಜನಕ್ಕೆ ಒಂದು ಅಂಗನವಾಡಿ, 150ರಿಂದ 400 ಜನಕ್ಕೆ ಮಿನಿ ಅಂಗನವಾಡಿ ಎಂಬುದು ನಡೆದುಬಂದ ಮಾನದಂಡ. ಸಾವಿರ ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ. ಬಯಲಿನಲ್ಲಿ 5,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ, 30,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುಡ್ಡಗಾಡು, ಬುಡಕಟ್ಟು ಪ್ರದೇಶಕ್ಕೆ 3,000 ಮತ್ತು 20,000. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲುಸೀಮೆಯಲ್ಲಿ 500ಕ್ಕಿಂತ ಹೆಚ್ಚು ಜನರಿದ್ದ ವಸತಿಗಳಿಗೆ ರಸ್ತೆ ಎಂದು ಶುರುವಾಯಿತು.

ಈಗ ಒಂದು ತಾಂಡಾ ತೆಗೆದುಕೊಳ್ಳಿ. ನಿಜವಾಗಿ ಇರುವವರು 520 ಜನ. ಗಣತಿಯ ಹೊತ್ತಿಗೆ ನೂರು ಜನ ಗುಳೆ ಹೋಗಿದ್ದರೆ 420. ರಸ್ತೆಯ ಗೆರೆ 500. ಎಂಬತ್ತು ತಲೆ ಕಡಿಮೆಯಾಗಿ ರಸ್ತೆ ಹೋಯಿತು, ಮತ್ತೆ ಹತ್ತು ವರ್ಷ ಬಾಣಂತಿಯನ್ನು ಟ್ರ್ಯಾಕ್ಟರಿನಲ್ಲಿ ಒಯ್ಯಬೇಕು.

ಹಣದ್ದೂ ಇದೇ ಮಾತು. 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚುವಾಗ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ ಕೊಟ್ಟಿತು. ಕಡಿಮೆ ಜನ ಹೆಚ್ಚು ನೆಲದಲ್ಲಿ ಹರಡಿಕೊಂಡಿದ್ದರೆ ಪೈಪು ಉದ್ದ ಬೇಕು, ಕಂಬ ಹೆಚ್ಚು ಬೇಕು, ರಸ್ತೆ ಉದ್ದ ಬೇಕು. ಹತ್ತು ಮನೆಗೆ ನೀರು ಕೊಡಲು ಎರಡು ಕಿಲೋಮೀಟರು ಪೈಪು ಎಳೆಯುವ ಪಂಚಾಯ್ತಿಗೂ, ಒಂದೇ ಓಣಿಯಲ್ಲಿ ನೂರು ಮನೆ ಇರುವ ಪಂಚಾಯ್ತಿಗೂ ತಲೆಯ ಲೆಕ್ಕ ಒಂದೇ ಆದರೆ ಅದು ನ್ಯಾಯವಲ್ಲ. ನೆಲದ ತೂಕ ಇನ್ನೂ ಹೆಚ್ಚಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹೆಚ್ಚುವವರೆಗೆ, ಇರುವ ತಲೆಗಳಲ್ಲಿ ಒಂದೂ ಲೆಕ್ಕ ತಪ್ಪಬಾರದು.

ನಮ್ಮ ತಾಂಡಾ ಕಂದಾಯ ಗ್ರಾಮವಾದರೆ ಏನು ಲಾಭ?

ಹೆಸರು, ಗಡಿ, ನಕಾಶೆ ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಮನೆಯ ಜಾಗಕ್ಕೆ ಹಕ್ಕುಪತ್ರ. ತಾಂಡಾದ ಮನೆಗಳು ಬಹಳ ಕಡೆ ಗಾಯರಾಣದಲ್ಲೋ (ಗೋಮಾಳ) ಯಾರದೋ ಹಳೆಯ ಹೊಲದಲ್ಲೋ ಇವೆ. ಗಾಂವಠಾಣದ, ಅಂದರೆ ಊರಿನ ವಸತಿ ಜಾಗದ, ಹೊರಗಿರುವುದರಿಂದ ಇ-ಸ್ವತ್ತು ತಂತ್ರಾಂಶದಲ್ಲಿ ಮನೆಯ ಆಸ್ತಿ ದಾಖಲೆಯಾದ ನಮೂನೆ 9 ಮತ್ತು 11ಎ ಸಿಗುವುದಿಲ್ಲ. ಅದಿಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ. ಖಾಸಗಿ ಜಮೀನಿನಲ್ಲಿ ನೆಲೆಸಿರುವ, ದಾಖಲೆಯಿಲ್ಲದ ವಸತಿಗಳವರಿಗೆ ಭೂ ಸುಧಾರಣೆ ಕಾಯ್ದೆಗೆ 38ಎ ಕಲಂ ಸೇರಿಸಿ ದಾರಿ ಮಾಡಲಾಯಿತು. ಸರ್ಕಾರಿ ಜಾಗದಲ್ಲಿದ್ದರೆ ಭೂ ಕಂದಾಯ ಕಾಯ್ದೆಯ 94ಸಿ ನೋಡಬೇಕು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಒಂದೇ ದಿನ ಹಕ್ಕುಪತ್ರ ಕೊಟ್ಟರು. ಅವು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳವು. "ನಮಗ್ಯಾವಾಗ್ರೀ?" ಎಂದು ನಮ್ಮ ತಾಂಡಾದ ಅಜ್ಜ ಟಿವಿ ನೋಡುತ್ತ ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಜಿಲ್ಲಾಧಿಕಾರಿ ಮೊದಲು ಕರಡು ಅಧಿಸೂಚನೆ ಹೊರಡಿಸಿ ತಕರಾರು ಕರೆಯುತ್ತಾರೆ, ಆಮೇಲೆ ಅಂತಿಮ ಅಧಿಸೂಚನೆ. ಕರಡು ಬಂದಾಗ ಸರ್ವೆ ನಂಬರು, ಮನೆಗಳ ಸಂಖ್ಯೆ ಸರಿಯಿದೆಯೇ ನೋಡಿ. ಮೂರು ಮನೆ ಬಿಟ್ಟುಹೋದರೆ ಆ ಮೂರು ಮನೆಯವರು ಮತ್ತೆ ಹತ್ತು ವರ್ಷ ಅಲೆಯಬೇಕಾಗುತ್ತದೆ. ಇನ್ನೊಂದು ಮಾತು: ಜನಗಣತಿಗಾಗಿ 2025ರ ಡಿಸೆಂಬರ್ 31ಕ್ಕೆ ಊರುಗಳ ಗಡಿ ನಿಗದಿಯಾಗುವಂತೆ ಆದೇಶವಾಗಿತ್ತು. ಆಮೇಲೆ ಆದ ಗ್ರಾಮಗಳ ಜನರನ್ನು ಮೂಲ ಊರಿನ ಲೆಕ್ಕದಲ್ಲೇ ಎಣಿಸುತ್ತಾರೆ. ಎಣಿಕೆಯಂತೂ ತಪ್ಪುವುದಿಲ್ಲ, ಗಾಬರಿ ಬೇಡ.

ನಮ್ಮದು ಕಾಡಿನ ಅಂಚು. ಅರಣ್ಯ ಇಲಾಖೆಯವರು ಬಿಡುವುದಿಲ್ಲ ಎನ್ನುತ್ತಾರೆ.

ಕಪ್ಪತಗುಡ್ಡದ 244 ಚದರ ಕಿಲೋಮೀಟರ್ ಪ್ರದೇಶ 2019ರಲ್ಲಿ ವನ್ಯಜೀವಿಧಾಮವಾಯಿತು. ಗಣಿಗಾರಿಕೆಯಿಂದ ಗುಡ್ಡ ಉಳಿಯಲಿ ಎಂದು ಇಡೀ ಜಿಲ್ಲೆ ಹೋರಾಡಿ ಪಡೆದದ್ದು ಅದು, ಅದರಲ್ಲಿ ತಾಂಡಾದವರೂ ಇದ್ದರು. ಗುಡ್ಡ ಉಳಿಯಬೇಕು, ಗುಡ್ಡದ ಜನವೂ ಉಳಿಯಬೇಕು.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದರೆ ಸಾಕು. ಉಳಿದವರು ಆ ದಿನಕ್ಕೆ ಹಿಂದಿನ 75 ವರ್ಷ, ಅಂದರೆ ಮೂರು ತಲೆಮಾರಿನ ವಾಸ ತೋರಿಸಬೇಕು. ಲಂಬಾಣಿಗರು ಪರಿಶಿಷ್ಟ ಜಾತಿ, ಪಂಗಡವಲ್ಲ. ಗೌಳಿಗರೂ ಪಂಗಡದ ಪಟ್ಟಿಯಲ್ಲಿಲ್ಲ. ಹಾಗಾಗಿ ಅವರಿಗೆ 75 ವರ್ಷದ ನಿಯಮ. ಕಲಘಟಗಿ ಕಡೆಯ ಸಿದ್ದಿ ಸಮುದಾಯಕ್ಕೆ 2020ರ ತಿದ್ದುಪಡಿಯಿಂದ ಧಾರವಾಡ ಜಿಲ್ಲೆಯಲ್ಲೂ ಪಂಗಡದ ಸ್ಥಾನ ಸಿಕ್ಕಿದೆ, ಅವರ ದಾರಿ ತುಸು ಸಲೀಸು. ಕಾಗದವಿಲ್ಲದಿದ್ದರೆ ಹಿರಿಯರ ಹೇಳಿಕೆ, ಹಳೆಯ ಬಾವಿ, ಗುಡಿ, ಸ್ಮಶಾನವೂ ಸಾಕ್ಷಿಯಾಗುತ್ತವೆ. ಅರ್ಜಿಯನ್ನು ಮೊದಲು ನೋಡುವುದು ನಿಮ್ಮ ಊರಿನ ಅರಣ್ಯ ಹಕ್ಕು ಸಮಿತಿ, ಆಮೇಲೆ ಗ್ರಾಮಸಭೆ. ಅದಕ್ಕೆ ಅರ್ಧದಷ್ಟು ಜನರ ಹಾಜರಿ ಬೇಕು.

ಹೊಳೆ ಬಂದು ಊರು ಎತ್ತಿದರು. ಹಳೆ ಊರು, ಹೊಸ ಊರು: ನಾವು ಯಾವ ಲೆಕ್ಕ?

ಮಲಪ್ರಭೆಯ ದಂಡೆಯವರು 2009ರ ನೆರೆಯ ನಂತರ 'ಆಸರೆ' ಯೋಜನೆಯ ಪುನರ್ವಸತಿ ಮನೆಗಳಿಗೆ ಹೋದರು. ಕೆಲವರು ಹೋಗಲಿಲ್ಲ, ಕೆಲವರು ಹೋಗಿ ಮರಳಿ ಬಂದರು. ಹೊಸ ಊರಿನ ಮನೆಯಲ್ಲಿ ಎತ್ತು ಕಟ್ಟಲು ಜಾಗವಿಲ್ಲ, ಹೊಲ ದೂರ. 2019ರಲ್ಲಿ ಹೊಳೆ ಮತ್ತೆ ಬಂತು. ಗಣತಿಯಲ್ಲಿ ನೀವು ಮಲಗುವ ಮನೆಯ ಲೆಕ್ಕವೇ ನಿಮ್ಮ ಲೆಕ್ಕ. ಒಂದೇ ಕುಟುಂಬ ಎರಡೂ ಕಡೆ ಇದ್ದರೆ ಒಬ್ಬೊಬ್ಬರನ್ನು ಒಂದೇ ಕಡೆ ಬರೆಸಿ. ಮತಪಟ್ಟಿಯಲ್ಲೂ ಹಾಗೆಯೇ.

ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಮೆಂಬರು ಯಾರು? ಹೆಸರೇ ಮರೆತಿದೆ.

ಮರೆತದ್ದು ನಿಮ್ಮ ತಪ್ಪಲ್ಲ. ಅವಕ್ಕೆ ಕಡೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ಪಟ್ಟಣದವರಿಗೆ ಶಾಸಕರ ಮನೆ ಹತ್ತಿರವಿರುತ್ತದೆ. ತಾಂಡಾದವರಿಗೆ ಪಂಚಾಯ್ತಿ ಮೆಂಬರು ಮತ್ತು ಶಾಸಕರ ನಡುವಿನ ಆ ಮೆಟ್ಟಿಲೇ ಇಲ್ಲದಂತಾಯಿತು. ಇದು ಸಣ್ಣ ನಷ್ಟವಲ್ಲ.

ದೊಡ್ಡ ಊರಿನವರು ಪಟ್ಟಣ ಪಂಚಾಯ್ತಿ ಬೇಕು ಅನ್ನುತ್ತಿದ್ದಾರೆ. ನಮ್ಮ ಮಜರೆಯನ್ನೂ ಸೇರಿಸುತ್ತಾರಂತೆ. ಒಳ್ಳೆಯದೇ?

10,000ದಿಂದ 20,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ಅರ್ಧದಷ್ಟು ಜನ ಒಕ್ಕಲುತನದ ಹೊರಗಿನ ಕೆಲಸದಲ್ಲಿರುವುದು ಪಟ್ಟಣ ಪಂಚಾಯ್ತಿಯ ಮಾನದಂಡ. ಸಂಖ್ಯೆ ಮುಟ್ಟಿಸಲು ಸುತ್ತಲಿನ ಮಜರೆಗಳನ್ನು ಸೇರಿಸುವುದುಂಟು. ಅವಸರದಲ್ಲಿ ಒಪ್ಪಬೇಡಿ. ಪಟ್ಟಣವಾದರೆ ಗ್ರಾಮಸಭೆ ಇರುವುದಿಲ್ಲ, ಹಳ್ಳಿಗರಿಗಾಗಿ ಇರುವ ಉದ್ಯೋಗ ಖಾತ್ರಿ ಸಿಗುವುದಿಲ್ಲ, ತೆರಿಗೆ ಏರುತ್ತದೆ. ದುಡಿಯುವ ಹೆಂಗಸರು ಇರುವ ಮಜರೆಗೆ ಇದು ದೊಡ್ಡ ಪೆಟ್ಟು.

ಗೋವಾದಲ್ಲಿ ಹೆರಿಗೆಯಾಯಿತು. ಮಗುವಿನ ಹೆಸರು ಊರಲ್ಲೇ ಬರೆಸಬಹುದೇ?

ಆಗುವುದಿಲ್ಲ. ಮಗು ಎಲ್ಲಿ ಹುಟ್ಟಿತೋ ಅಲ್ಲೇ, 21 ದಿನದೊಳಗೆ ನೋಂದಣಿ. ದವಾಖಾನೆಯಿಂದ ಹೊರಡುವ ಮುನ್ನ ಕೇಳಿ ಪಡೆಯಿರಿ. ಮರಾಠಿ, ಕೊಂಕಣಿ, ಇಂಗ್ಲಿಷ್ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ, ಅಪ್ಪ-ಅವ್ವನ ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಮತಪಟ್ಟಿ ಎಲ್ಲಕ್ಕೂ ಆ ಒಂದು ಕಾಗದವೇ ಆಧಾರ.

ನಮ್ಮದು ಏಳೇ ಮನೆ. ಸಭೆ ಮಾಡಿ ಏನು ಬರೆಯಬೇಕು?

ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಏಳೂ ಮನೆಯವರ ಹೆಸರು, ವಯಸ್ಸು, ಯಾರು ಗುಳೆ ಹೋಗಿದ್ದಾರೆ, ಎಲ್ಲಿಗೆ, ಎಂದು ಬರುತ್ತಾರೆ ಎಂದು ಬರೆಯಿರಿ. ಬಾಣಂತಿ, ಅಂಗವಿಕಲರು, ಶಾಲೆ ಬಿಟ್ಟ ಮಕ್ಕಳು ಇದ್ದರೆ ಬೇರೆ ಗುರುತು. ಎರಡನೇ ಪುಟದಲ್ಲಿ ಬೇಡಿಕೆ, ಮೂರಕ್ಕಿಂತ ಹೆಚ್ಚು ಬೇಡ. ನೀರಿನ ಬಗ್ಗೆ ಬರೆಯುವುದಾದರೆ ಅಳತೆಯ ಸಮೇತ ಬರೆಯಿರಿ: ಜಲಜೀವನ ಮಿಷನ್ ಹೇಳುವುದು ತಲೆಗೆ ದಿನಕ್ಕೆ 55 ಲೀಟರ್, ನಿಮ್ಮಲ್ಲಿ ಬರುತ್ತಿರುವುದು ಎಷ್ಟು ಕೊಡ? ಮುಂಡರಗಿ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುತ್ತದೆ, ಆದ್ದರಿಂದ ಪರೀಕ್ಷೆ ಮಾಡಿಸಿ ಎಂಬುದನ್ನೂ ಸೇರಿಸಿ.

ಕೆಳಗೆ ಎಲ್ಲರ ಸಹಿ, ಸಹಿ ಬಾರದವರ ಹೆಬ್ಬೆಟ್ಟು. ಎರಡು ಪ್ರತಿ ಮಾಡಿ. ಒಂದನ್ನು ಪಂಚಾಯ್ತಿಯಲ್ಲಿ ಕೊಟ್ಟು ಇನ್ನೊಂದರ ಮೇಲೆ ತಾರೀಖು ಹಾಕಿದ ಮುದ್ರೆ ಪಡೆದು ನೋಟ್‌ಬುಕ್ಕಿಗೆ ಅಂಟಿಸಿ. ಗಾಂಧಿ ಜಯಂತಿಯ ಹೊತ್ತಿಗೆ ಮುಂದಿನ ವರ್ಷದ ಯೋಜನೆಯ ಗ್ರಾಮಸಭೆಗಳು ಶುರುವಾಗುತ್ತವೆ, ಅದಕ್ಕೂ ಹದಿನೈದು ದಿನ ಮೊದಲೇ ಕೊಡಿ. ಸಭೆಯ ದಿನ ಅದೇ ನೋಟ್‌ಬುಕ್ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಓದುವ ಕೆಲಸ ಹೈಸ್ಕೂಲಿಗೆ ಹೋಗುವ ಹುಡುಗಿಗೆ ಕೊಡಿ. ನಾನು ಹೋದ ಒಂದು ದಡ್ಡಿಯಲ್ಲಿ ಎಂಟನೇ ತರಗತಿಯ ಹುಡುಗಿ ಎದ್ದು ನಿಂತು ಏಳು ಮನೆಯ ಮೂವತ್ತೊಂದು ಹೆಸರನ್ನೂ ಒಂದೊಂದಾಗಿ ಓದಿದಳು. ಕಡೆಯ ಹೆಸರು ಮುಗಿಯುವವರೆಗೆ ಸಭೆಯಲ್ಲಿ ಯಾರೂ ಏಳಲಿಲ್ಲ.